ಚೌಕಿಯ ಬಾಗಿಲಲ್ಲಿ ನಿಂತವನು

ಹುಕ್ಕೇರಿಯಿಂದ ಫೋನು ಬಂದಾಗ ನಾನು ಮೂಡಲಗಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹಳೆಯ ಓಣಿಯವರೊಬ್ಬರು, “ಅಕ್ಕೋರ, ಕಾಕಾ ಹೋದ್ರು” ಎಂದರು. ಯಾವ ಕಾಕಾ ಎಂದು ನಾನು ಕೇಳಲಿಲ್ಲ. ಆ ಓಣಿಯಲ್ಲಿ ಕಾಕಾಗಳಿಗೇನೂ ಬರವಿರಲಿಲ್ಲ. ಆದರೆ ಹೆಸರು ಹಚ್ಚದೆ ಬರೀ ಕಾಕಾ ಎಂದರೆ ಅವರೊಬ್ಬರೇ. ಇನ್ನು ಅವರ ಫೋಟೋಕ್ಕೆ ಕಟ್ಟು ಹಾಕುವವರು ಯಾರು ಎಂಬುದು ನನಗೆ ಬಂದ ಮೊದಲ ಯೋಚನೆ. ಆ ಭಾಗದ ಓಣಿಗಳಲ್ಲಿ ಸತ್ತವರ ಫೋಟೋಗಳಿಗೆಲ್ಲ ಗಾಜು ಕೂರಿಸಿ, ಪಟ್ಟಿ ಬಡಿದು ಕೊಡುತ್ತಿದ್ದವರು ಅವರೇ.

ನಾನು ಕನ್ನಡ ಶಾಲೆಯ ಶಿಕ್ಷಕಿಯಾಗಿ ಹುಕ್ಕೇರಿಗೆ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅವರ ಮನೆಯ ಬಾಜೂ ಇದ್ದ ಖೋಲಿ ಕೇಳಿದ ಕೂಡಲೇ ಸಿಕ್ಕಿತು. ಅಷ್ಟು ಸುಲಭವಾಗಿ ಯಾಕೆ ಸಿಕ್ಕಿತೆಂದು ಮರುದಿನ ಬೆಳಿಗ್ಗೆ ತಿಳಿಯಿತು. ಕಾಕಾರ ಅಂಗಡಿಯೆಂದರೆ ಅವರ ಮನೆಯ ಮುಂದಿನ ಪಡಸಾಲೆ. ಅಲ್ಲಿನ ಹಲಗೆಯ ಮೇಲೆ, ಕಟ್ಟಿಗಾಗಿ ಕಾದಿರುವ ಫೋಟೋಗಳೆಲ್ಲ ರಸ್ತೆಗೆ ಮುಖ ಮಾಡಿ ಸಾಲಾಗಿ ಕೂತಿರುತ್ತಿದ್ದವು. ರುಮಾಲಿನ ಮುದುಕರು, ಕುಂಕುಮದ ಮುದುಕಿಯರು, ನಡುವೆ ಒಮ್ಮೊಮ್ಮೆ ಕಾಲೇಜು ಹುಡುಗನೊಬ್ಬ. ನಾನು ಶಾಲೆಗೆ ಹೊರಟಾಗ ಅವರೆಲ್ಲ ನನ್ನನ್ನು ನೋಡುವವರು. ಕಾಕಾ ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಹಿಡಿದುಕೊಂಡೇ, “ಹೊಸಾ ಮಂದಿ ಬಂದಾರ ನೋಡ್ರಿ ಅಕ್ಕೋರ” ಎನ್ನುತ್ತಿದ್ದರು. ಅದು ಅವರ ಚೇಷ್ಟೆ. ಒಂದು ವಾರ ನಾನು ಹಿಂದಿನ ಬಾಗಿಲಿನಿಂದ ಓಡಾಡಿದೆ. ಹಿಂದೆ ಎಮ್ಮೆಯ ಕೊಟ್ಟಿಗೆ ಇದ್ದುದರಿಂದ ಮತ್ತೆ ಮುಂದಿನ ಬಾಗಿಲಿಗೇ ಬಂದೆ.

ಬೆಳಿಗ್ಗೆ ಎದ್ದು ಕಾಕಾರ ಮುಖ ನೋಡಲು ಓಣಿಯ ಮಂದಿ ಹಿಂದೇಟು ಹಾಕುತ್ತಿದ್ದರು. ಮದುವೆಗೆ ಕರೆಯುತ್ತಿದ್ದರು, ಆದರೆ ಮುಂದಿನ ಸಾಲಿನಲ್ಲಿ ಕೂತರೆ ಕರೆದವರ ಮುಖ ಸಪ್ಪಗಾಗುತ್ತಿತ್ತು. ಅದು ಕಾಕಾರಿಗೆ ಗೊತ್ತಿತ್ತು. ಅಕ್ಷತೆ ಹಾಕಿ, ಉಂಡು, ಗಾಳಿಯ ಹಾಗೆ ಬಂದುಬಿಡುತ್ತಿದ್ದರು. ಅವರಿಗೆ ಅವರವೇ ಕಟ್ಟಳೆಗಳಿದ್ದವು. ಬದುಕಿರುವವರ ಫೋಟೋ ಮತ್ತು ಸತ್ತವರ ಫೋಟೋ ಒಂದೇ ಹಲಗೆಯ ಮೇಲೆ ಇಡುತ್ತಿರಲಿಲ್ಲ. ಗಾಜು ಕೂರಿಸುವ ಮೊದಲು ಧೋತರದ ಚುಂಗಿನಿಂದ ಸತ್ತವರ ಮುಖವನ್ನಷ್ಟೇ ಒಮ್ಮೆ ಒರೆಸುತ್ತಿದ್ದರು. ಬದುಕಿರುವವರು ಒಬ್ಬರೇ ಇರುವ ಫೋಟೋಕ್ಕೆ ಎಂದೂ ಕಟ್ಟು ಹಾಕುತ್ತಿರಲಿಲ್ಲ. ಜೋಡಿ ಇರಬೇಕು, ಇಲ್ಲವೇ ಮಡಿಲಲ್ಲಿ ಕೂಸಾದರೂ ಇರಬೇಕು.

ಅವರಿಗೆ ಒಬ್ಬನೇ ಮಗ. ಮಿಲಿಟರಿ ಸೇರಿದ. ತರಬೇತಿ ಮುಗಿಸಿ ಬಂದವನು ಸಮವಸ್ತ್ರದಲ್ಲಿ ತೆಗೆಸಿದ ಫೋಟೋವನ್ನು ಅಪ್ಪನ ಮುಂದೆ ಹಿಡಿದು, ಕಟ್ಟು ಹಾಕಿಕೊಡು ಎಂದ. ಕಾಕಾ ಅದನ್ನು ತೆಗೆದು ಟ್ರಂಕಿನ ತಳಕ್ಕೆ ಹಾಕಿದರು.

“ಲಗ್ನಾ ಮಾಡ್ಕೊ. ಇಬ್ರದೂ ಕೂಡೇ ಹಾಕ್ತೀನಿ.”

“ಊರ ಮಂದೀದೆಲ್ಲಾ ಹಾಕ್ತಿ, ನಂದ ಹಾಕಾಕ ಏನ ಧಾಡಿ?” ಎಂದು ಮಗ ನಕ್ಕ. ಕಾಕಾ ನಗಲಿಲ್ಲ.

ಈಗ ಕಿಲ್ಲೆಯ ವಿಷಯ ಹೇಳಬೇಕು. ನಮ್ಮ ಆ ಕಡೆ ದೀಪಾವಳಿ ಬಂತೆಂದರೆ ಮನೆಯ ಮುಂದೆ ಹುಡುಗರು ಮಣ್ಣಿನ ಕೋಟೆ ಕಟ್ಟುತ್ತಾರೆ. ಕಲ್ಲು ಪೇರಿಸಿ, ಗೋಣಿಚೀಲವನ್ನು ಕೆಸರಲ್ಲಿ ಅದ್ದಿ ಹೊದಿಸಿ, ಮೇಲೆ ಸಾಸಿವೆ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು ಚಿಗುರು ಬರುತ್ತದೆ. ಸಂತೆಯಿಂದ ಸಿಪಾಯಿ ಗೊಂಬೆ ತಂದು ನಿಲ್ಲಿಸುತ್ತಾರೆ. ತುಳಸಿ ಲಗ್ನದ ಸಂಜೆ ಅದೇ ಕಿಲ್ಲೆಯೊಳಗೆ ಸುತಳಿ ಬಾಂಬು ಇಟ್ಟು ಹಾರಿಸಿಬಿಡುತ್ತಾರೆ. ತುಳಸಿ ಲಗ್ನ ದಾಟಿ ಕಿಲ್ಲೆ ನಿಲ್ಲಬಾರದು, ನಿಂತರೆ ಆ ಮನೆಗೆ ಒಳ್ಳೆಯದಲ್ಲ ಎಂದು ಓಣಿಯ ನಂಬಿಕೆ. ಮಗ ಸಣ್ಣವನಿದ್ದಾಗಿನಿಂದ ಕಾಕಾರ ಕಿಲ್ಲೆಯೇ ಓಣಿಯಲ್ಲಿ ದೊಡ್ಡದು. ಮಗ ದೊಡ್ಡವನಾದ ಮೇಲೂ ಅವರು ಕಟ್ಟುವುದನ್ನು ಬಿಡಲಿಲ್ಲ. ಬತ್ತಿ ಹಚ್ಚುವವರೂ ಅವರೇ. ವರ್ಷವೆಲ್ಲ ಮೊಳೆ ಕಚ್ಚಿಕೊಂಡಿದ್ದ ಬಾಯಿ ಅಂದು ಸಂಜೆ ತುಂಬಾ ನಗುತ್ತಿತ್ತು.

ಮಗನಿಗೆ ಉತ್ತರದ ಹಿಮದ ಗುಡ್ಡಕ್ಕೆ ವರ್ಗವಾಯಿತು. ಒಂದು ದಸರೆಗೆ ರಜೆಯಲ್ಲಿ ಬಂದವನು ತಾನಿರುವ ಕಾವಲು ಚೌಕಿಯ ಮಾತು ತೆಗೆದ. ಗುಡ್ಡದ ನೆತ್ತಿಯಲ್ಲಿ ಹಲಗೆ ಮತ್ತು ತಗಡಿನಿಂದ ಮಾಡಿದ ಒಂದು ಸಣ್ಣ ಖೋಲಿ, ಅದರಲ್ಲಿ ಐದು ಜನ. ಕಾಕಾ ಅವನನ್ನು ಎದುರಿಗೆ ಕೂರಿಸಿಕೊಂಡು ವಕೀಲರ ಹಾಗೆ ಕೇಳತೊಡಗಿದರು.

“ಬಾಗಲಾ ಒಳಗ ತೆರೀತೈತೋ, ಹೊರಗೋ?”

“ಒಳಗ. ಹೊರಗ ಬರ್ಫ ಬಿದ್ದಿರತೈತಲ್ಲ, ನೂಕಾಕ ಬರಂಗಿಲ್ಲ.”

“ಒಲಿ ಯಾ ಬಾಜೂ?”

“ಎಡಕ. ಅದಕ್ಕ ಬುಖಾರಿ ಅಂತಾರ. ಚಿಮಣಿ ಎಣ್ಣಿಲೆ ಉರಿತೈತಿ. ಅದರ ಬಾಜೂ ಒಬ್ಬಂವ ಕುಂದರ್ತಾನ, ಬಾಗಲ್ದಾಗ ಒಬ್ಬಂವ ನಿಂದರ್ತಾನ. ಉಳಿದವ್ರು ಮಲಗಿರ್ತಾರ.”

ಬಾಗಿಲಿನ ಕಾವಲು ಮಗನಿಗೂ ತುಕ್ಕಾನಟ್ಟಿಯ ಹುಡುಗನೊಬ್ಬನಿಗೂ ಪಾಳಿಯ ಮೇಲೆ ಬರುತ್ತಿತ್ತಂತೆ. ಅಷ್ಟು ದೂರದಲ್ಲಿ ಕನ್ನಡ ಬರುವವರು ಅವರಿಬ್ಬರೇ. “ಅಂವ ಒಳಗಿದ್ರ ನಾ ಹೊರಗ, ನಾ ಒಳಗಿದ್ರ ಅಂವ ಹೊರಗ. ಮಾತಾಡಾಕ ಸೈತ ಸಿಗಂಗಿಲ್ಲ” ಎಂದು ಮಗ ಗೆಳೆಯನನ್ನು ನೆನೆದು ನಕ್ಕ. ತಾಯಿ ಹೆಣೆದುಕೊಟ್ಟ ಕೆಂಪು ಮಫ್ಲರನ್ನು ಆ ಗೆಳೆಯ ಕೊರಳಿಂದ ತೆಗೆಯುವುದೇ ಇಲ್ಲವಂತೆ.

ಮಗ ಹೋದ ಮೇಲೆ ಕಾಕಾ ಆ ವರ್ಷದ ಕಿಲ್ಲೆಗೆ ಕೈ ಹಚ್ಚಿದರು. ಅದು ಕಿಲ್ಲೆಯಾಗಿರಲಿಲ್ಲ, ಚೌಕಿಯಾಗಿತ್ತು. ಫೋಟೋಪಟ್ಟಿಯ ತುಂಡುಗಳನ್ನು ಸೀಳಿ ಗೋಡೆಯ ಹಲಗೆ ಮಾಡಿದರು. ಎಣ್ಣೆಡಬ್ಬಿಯ ತಗಡು ಬಡಿದು ಮಾಡು ಹೊದಿಸಿದರು. ಉಳಿದ ಗಾಜಿನ ಚೂರಿನಲ್ಲಿ ಕಿಟಕಿ. ಗುಳಿಗೆಯ ಡಬ್ಬಿಯಲ್ಲಿ ಬುಖಾರಿ, ಖಾಲಿ ಪೆನ್ನಿನ ನಳಿಕೆಯಲ್ಲಿ ಅದರ ಹೊಗೆಕೊಳವೆ, ಹರಿದ ಚಪ್ಪಲಿಯ ರಬ್ಬರಿನಿಂದ ಕೊರೆದ ಎಣ್ಣೆಯ ಕ್ಯಾನು. ಬಾಗಿಲು ಮಾತ್ರ ಮತ್ತೆ ಮತ್ತೆ ಕೆಟ್ಟಿತು. ಒಳಗೆ ತೆರೆಯಬೇಕು, ಗಾಳಿಗೆ ಬಡಿಯಬಾರದು. ಬಿಜಾಗರಿಗೆ ಗಡಿಯಾರದ ಕೀಲು ತಂದು ಹಾಕಿದ ಮೇಲೆ ಸರಿಹೋಯಿತು. ಸಂತೆಯ ಸಿಪಾಯಿಗಳನ್ನು ಅವರು ಮುಟ್ಟಲಿಲ್ಲ. ಗೋಕಾಕಕ್ಕೆ ಹೋಗಿ ಹಗುರ ಕಟ್ಟಿಗೆಯ ಐದು ಗೊಂಬೆ ತಂದು, ತೋಳುಗಳನ್ನು ಗರಗಸದಿಂದ ಬಿಡಿಸಿ, ಗುಂಡುಸೂಜಿಯಿಂದ ಮತ್ತೆ ಜೋಡಿಸಿದರು. ಈಗ ಗೊಂಬೆಗಳ ಕೈ ಆಡುತ್ತಿತ್ತು. ಬಂದೂಕು ಹಿಡಿಯಲು ಬರುತ್ತಿತ್ತು, ಒಲೆಯ ಮುಂದೆ ಚಾಚಲು ಬರುತ್ತಿತ್ತು. ಅವರ ಹೆಂಡತಿ ಕಾಕು ಮಗನಿಗೆ ಹೆಣೆದ ಹಳದಿ ಸ್ವೆಟರಿನ ಉಳಿದ ಉಣ್ಣೆಯನ್ನು ಒಂದಕ್ಕೆ ಸುತ್ತಿದರು. ಇನ್ನೊಂದರ ಕೊರಳಿಗೆ ಕೆಂಪು ದಾರ. ಗುಡ್ಡಕ್ಕೆ ಸಾಸಿವೆ ಹಾಕಲಿಲ್ಲ. “ಅಲ್ಲಿ ಹುಲ್ಲ ಹುಟ್ಟಂಗಿಲ್ಲ” ಎಂದು ಇಡೀ ದಿಬ್ಬಕ್ಕೆ ಸುಣ್ಣ ಬಳಿದರು.

ನೋಡಲು ಜನವೋ ಜನ. ನಾನೂ ಮೊಣಕಾಲೂರಿ ಕಿಟಕಿಯಲ್ಲಿ ಇಣುಕಿದೆ. ಒಳಗೆ ಚಿಕ್ಕ ಹಾಸಿಗೆ, ಅದರ ಮೇಲೆ ಮಡಿಸಿದ ಕಂಬಳಿ, ಮೊಳೆಗೆ ತೂಗುಹಾಕಿದ ಮಗ್ಗು. ಸತ್ಯ ಹೇಳಬೇಕೆಂದರೆ ನನಗೆ ಸಂತೋಷವಾಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನೋಡಿ ಹೆದರಿಕೆಯಾಯಿತು. ಕಾಕು ಬಾಯಿಬಿಟ್ಟೇ ಅಂದರು, “ಮನಿ ಮುಂದ ಸುಣ್ಣಾ ಬಳದ ದಿಬ್ಬಾ ಮಾಡಿ ಇಟ್ಟೀರಿ. ನೋಡಿದವ್ರಿಗೆ ಏನ ನೆನಪಾಗ್ತೈತಿ ಅನ್ನೂದರ ಖಬರ ಐತೇನ ನಿಮಗ?” ಮಣ್ಣು ಮಾಡಿದ ಮೇಲೆ ಕಟ್ಟುವ ಗದ್ದುಗೆಗೂ ನಮ್ಮಲ್ಲಿ ಸುಣ್ಣವನ್ನೇ ಬಳಿಯುವುದು. ಕಾಕಾ ಅದನ್ನು ಕೇಳಿಸಿಕೊಳ್ಳದವರ ಹಾಗೆ ಬಾಗಿಲ ಬಳಿಯ ಗೊಂಬೆಯ ಕೈ ಸರಿಮಾಡುತ್ತಿದ್ದರು.

ತುಳಸಿ ಲಗ್ನದ ಸಂಜೆ ಓಣಿಯ ಹುಡುಗರು ಬಾಂಬು ಹಿಡಿದುಕೊಂಡು ಬಂದರು. ಉಳಿದ ಕಿಲ್ಲೆಗಳೆಲ್ಲ ಹಾರಿದ್ದವು. ಬೀದಿಯಲ್ಲಿ ಮದ್ದಿನ ವಾಸನೆ. ಕಾಕಾ ಚೌಕಿಗೆ ಅಡ್ಡ ನಿಂತು, “ಇದು ಕಿಲ್ಲೆ ಅಲ್ಲ, ನಡೀರಿ” ಎಂದರು. ಹುಡುಗರು ನಕ್ಕು ಮುಂದೆ ಬಂದರು. ಕಾಕಾರ ಕೈಯಲ್ಲಿ ಗಾಜು ಕೊಯ್ಯುವ ಸಲಕರಣೆ ಇತ್ತು. ಅದನ್ನು ಅವರು ಎತ್ತಿದ ರೀತಿ ನೋಡಿ ಹುಡುಗರು ಓಡಿದರು. ಮರುದಿನ ದಿಬ್ಬದ ಮೇಲೆ ಒಂದು ದೊಡ್ಡ ತಗಡು ಬಂತು. ಓಣಿಯಲ್ಲಿ ಪಿಸುಮಾತು ಸುರುವಾಯಿತು. ಒಡೆದರೆ ಅಪಶಕುನ, ಒಡೆಯದಿದ್ದರೂ ಅಪಶಕುನ. ಕಾಕಾ ತಾವೇ ಕಟ್ಟಿದ್ದರಲ್ಲಿ ತಾವೇ ಸಿಕ್ಕಿಹಾಕಿಕೊಂಡಿದ್ದರು.

ದಿನಾ ದೀಪ ಹಚ್ಚುವ ಹೊತ್ತಿಗೆ ತಗಡು ಎತ್ತಿ ಪಾಳಿ ಬದಲಿಸುವುದು ಅವರ ರೂಢಿಯಾಯಿತು. ಇವತ್ತು ಹಳದಿ ಒಳಗೆ, ಕೆಂಪು ಹೊರಗೆ. ನಾಳೆ ಕೆಂಪು ಒಳಗೆ, ಹಳದಿ ಹೊರಗೆ. ನ್ಯಾಯವಾಗಿಯೇ ನಡೆಯಿತು. “ಇವತ್ತ ಯಾರ ಪಾಳಿ, ಕಾಕಾ?” ಎಂದು ನಾನೂ ಚೇಷ್ಟೆ ಮಾಡುತ್ತಿದ್ದೆ. ಆಮೇಲೆ ಚಳಿ ಏರಿತು. ನಮ್ಮಲ್ಲೇ ಬೆಳಿಗ್ಗೆ ಬೆರಳು ಸೆಟೆಯುತ್ತಿದ್ದವು. ರೇಡಿಯೋದಲ್ಲಿ ಉತ್ತರದ ಕಡೆ ಹಿಮ ಕುಸಿದ ಸುದ್ದಿ ಬಂತು. ಆ ದಿನಗಳಲ್ಲಿ ಒಂದು ಸಂಜೆ ಇಣುಕಿದರೆ ಬಾಗಿಲಲ್ಲಿ ಕೆಂಪು ಮಫ್ಲರು. ಮರುದಿನವೂ ಅದೇ. ಅದರ ಮರುದಿನವೂ.

“ಕಾಕಾ, ತುಕ್ಕಾನಟ್ಟಿ ಹುಡುಗಂದು ಪಾಳಿ ಮುಗೀಲಿಲ್ಲೇನ್ರಿ?”

ಅವರು ನನ್ನನ್ನು ನೋಡಿದರು. ಬಾಯಲ್ಲಿ ಮೊಳೆಗಳಿದ್ದವು. ತಗಡು ಮುಚ್ಚಿದರು.

ಸಂಕ್ರಾಂತಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಕೈಚೀಲ ಹಿಡಿದು ಮನೆ ಕೇಳುತ್ತಾ ಬಂದರು. ತುಕ್ಕಾನಟ್ಟಿಯಿಂದ ಹೊರಟು ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಚೀಲದಲ್ಲಿ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. “ನನ್ನ ಮಗ ಇರೂ ಜಾಗಾ ಹುಕ್ಕೇರ್ಯಾಗ ಕಟ್ಯಾರಂತ ಅಂದ್ರು. ನೋಡಿ ಹೋಗೂಣಂತ ಬಂದೆ ಅಣ್ಣಾರ” ಎಂದರು. ಕಾಕು ಅವರ ಕೈಹಿಡಿದು ಒಳಗೆ ಕರೆದು ಚಹಾ ಕೊಟ್ಟರು. ಕಾಕಾ ತಗಡು ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ.

ಆಕೆ ಬಹಳ ಹೊತ್ತು ನೋಡಿದರು. ಕೆಂಪು ದಾರ ಕಂಡ ಕೂಡಲೇ ಯಾರೂ ಹೇಳುವುದು ಬೇಕಾಗಲಿಲ್ಲ.

“ಇಂವ ನಮ್ಮಾಂವ ಅಲ್ಲರಿ?”

“ಹೌದ ತಂಗೀ.”

“ಥಂಡ್ಯಾಗ ಹೊರಗ ಯಾಕ ನಿಂದರ್ಸೀರಿ ಅಣ್ಣಾರ? ಒಳಗ ಒಲಿ ಮುಂದ ಕುಂದರ್ಸ್ರಿ. ಅಂವಂಗ ಸಣ್ಣಂವ ಇದ್ದಾಗ ದಮ್ಮ ಇತ್ತು.”

ಕಾಕಾ ಹಳದಿ ಉಣ್ಣೆಯ ಗೊಂಬೆಯನ್ನು ಒಲೆಯ ಬಳಿಯಿಂದ ತೆಗೆದು ಬಾಗಿಲ ಹೊರಗೆ ನಿಲ್ಲಿಸಿದರು. ಕೆಂಪು ದಾರದವನನ್ನು ಒಳಗೆ ಕೂರಿಸಿ, ಅವನ ಎರಡೂ ಕೈಗಳನ್ನು ಬುಖಾರಿಯ ಕಡೆ ಚಾಚಿದರು. ಆ ತಾಯಿ ಬೆರಳಿನಿಂದ ಗೊಂಬೆಯ ತಲೆ ಸವರಿ, ಕೈಬೆರಳುಗಳನ್ನು ತಮ್ಮ ತುಟಿಗೆ ಒತ್ತಿಕೊಂಡರು. ಹೋಗುವಾಗ ಅವರ ಮುಖದಲ್ಲಿ ಎಂಥ ಸಮಾಧಾನ. ಕಾಕಾ ಬಸ್ ಸ್ಟ್ಯಾಂಡಿನ ತನಕ ಹೋಗಿ ಅವರನ್ನು ಬಸ್ಸು ಹತ್ತಿಸಿ ಬಂದರು.

ಸಂಜೆ ನಾನು ನಳದ ನೀರು ಹಿಡಿಯುತ್ತಿದ್ದೆ. ಕಾಕು ತುಳಸಿ ಕಟ್ಟೆಗೆ ದೀಪ ಇಡಲು ಬಂದರು. ಕಾಕಾ ತಗಡು ಎತ್ತಿ, ಚೌಕಿಯೊಳಗೆ ಕೈಹಾಕಿ, ಕೆಂಪು ದಾರದವನನ್ನು ಹೊರಗೆ ತೆಗೆಯುತ್ತಿದ್ದರು.

“ಆಕಿ ಬಸ್ಸ ಇನ್ನೂ ಘಟಪ್ರಭಾ ಮುಟ್ಟಿರಾಕಿಲ್ಲ” ಎಂದರು ಕಾಕು.

“ಹೊರಗ ನಿಂತಾಂವ ನಿನ್ನ ಮಗಾ ಅಲ್ಲೇನ?” ಎಂದರು ಕಾಕಾ, ತಿರುಗಿ ನೋಡದೆ.

ಕಾಕು ದೀಪವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಆಮೇಲೆ ದೀಪ ಇಟ್ಟು ಒಳಗೆ ಹೋದರು. ನನ್ನ ಕೊಡ ತುಂಬಿ ಹರಿಯುತ್ತಿತ್ತು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಸುರುವಾಯಿತು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಬರುತ್ತಿದ್ದ ಮಗನ ಫೋನು ನಿಂತಿತು. ಕಾಕಾ ಊಟ ಬಿಟ್ಟರು ಎನ್ನಲಾರೆ, ಆದರೆ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುವುದನ್ನೇ ಮರೆಯುತ್ತಿದ್ದರು. ಓಣಿಯವರು ಅಂಗಡಿಯ ಮುಂದೆ ಹಾಯುವಾಗ ಹಲಗೆಯ ಕಡೆ ನೋಡದೆ ಹೋಗತೊಡಗಿದರು. ಯಾರ ಮುಖ ಕಾಣಿಸುತ್ತದೋ ಎಂಬ ಅಂಜಿಕೆ. ನನಗೂ ಇತ್ತು. ಮೊದಲ ಮಳೆ ಬಂದ ದಿನ ಕಾಕಾ ತಗಡಿನ ಮೇಲೆ ತಾಡಪತ್ರಿ ಹೊದಿಸಿ, ಅದರ ಮೇಲೆ ಕಲ್ಲು ಹೇರಿ, ಮಳೆ ನಿಲ್ಲುವ ತನಕ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ಸುದ್ದಿ ಬಂತು. ತುಕ್ಕಾನಟ್ಟಿಯ ಹುಡುಗ ಹೋಗಿದ್ದ. ಕಾವಲಿನಲ್ಲಿದ್ದಾಗಲೇ ಗುಂಡು ತಾಗಿತಂತೆ. ಅವನ ದೇಹ ಊರಿಗೆ ಬಂದ ದಿನ ಟ್ರ್ಯಾಕ್ಟರು, ಟೆಂಪೋ ಹತ್ತಿ ಸುತ್ತಲಿನ ಮಂದಿಯೆಲ್ಲ ಹೋದರು. ನಮ್ಮ ಶಾಲೆಯವರ ಜೊತೆ ನಾನೂ ಹೋದೆ, ಕಾಕುವೂ ಬಂದರು. ಕಾಕಾ ಬರಲಿಲ್ಲ. ನಾವು ತಿರುಗಿ ಬಂದಾಗ ಅಂಗಡಿಯ ಬಾಗಿಲು ಹಾಕಿತ್ತು. ಅವರು ಅಂಗಳದಲ್ಲಿ ಆ ದಿಬ್ಬಕ್ಕೆ ಬೆನ್ನು ಮಾಡಿ ಕೂತಿದ್ದರು.

“ಇನ್ನರ ಒಡೀರಿ ಅದನ್ನ” ಎಂದು ಕಾಕು ಅತ್ತರು. “ಇಲ್ಲಂದ್ರ ಆ ಹುಡಗನ್ನರ ಒಳಗ ಇಡ್ರಿ.”

“ಹೆಂಗ ಇಡ್ಲಿ? ಅಂವನ್ನ ಒಳಗ ತಂದ್ರ ನಮ್ಮಾಂವನ್ನ ಎಲ್ಲಿ ನಿಂದರ್ಸ್ಲಿ? ಒಡದ್ರ ಒಳಗ ನಮ್ಮಾಂವ ಅದಾನ.”

ಕಲಿತವಳು ನಾನು. ಅವು ಕಟ್ಟಿಗೆಯ ಗೊಂಬೆ, ಕಾಕಾ, ಎನ್ನಬಹುದಿತ್ತು. ಆದರೆ ಆ ಹೊತ್ತಿನಲ್ಲಿ ನನಗೂ ಅದು ಕಟ್ಟಿಗೆ ಎನಿಸಲಿಲ್ಲ. ಅಂದಿನಿಂದ ಅವರು ತಗಡು ಎತ್ತಲಿಲ್ಲ.

ಮಳೆಗಾಲದ ನಡುವೆ ಒಂದು ರವಿವಾರ ಆ ತಾಯಿ ಮತ್ತೆ ಬಂದರು. ನಾನು ಕಾಕುವಿನ ಜೊತೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಆಕೆ ಸೆರಗಿನ ಕೆಳಗಿಂದ ಮಗನ ಫೋಟೋ ತೆಗೆದರು. “ಗೋಕಾಕದಾಗ ಹಾಕಸ್ತೀನಂದ್ರು ನಮ್ಮ ಮೈದುನಾರು. ನಾ ಬ್ಯಾಡಂದೆ. ನಿಮ್ಮ ಕೈಲೇ ಆಗ್ಲಿ ಅಣ್ಣಾರ. ಅಂವನ್ನ ಕಂಡವ್ರು ನೀವು.” ಕಾಕಾ ಅವನನ್ನು ಎಂದೂ ಕಂಡಿರಲಿಲ್ಲ. ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹುಡುಗನ ಮುಖ ಎಳಸು, ಮೀಸೆ ಈಗಷ್ಟೇ ಚಿಗುರಿತ್ತು. ಕಾಕಾ ಧೋತರದ ಚುಂಗನ್ನು ಎತ್ತಿದರು, ಆದರೆ ಆ ಮುಖ ಒರೆಸಲು ಅವರಿಂದ ಆಗಲಿಲ್ಲ.

“ಆ ಚೌಕಿ ಒಮ್ಮಿ ತೋರಸ್ರಿ” ಎಂದರು ಆಕೆ.

“ಮಳಿಗೆ ಕರಗೇತಿ ತಂಗೀ. ಏನೂ ಉಳದಿಲ್ಲ.”

ಕಾಕು ಅಕ್ಕಿಯ ಮೊರವನ್ನು ಕೆಳಗಿಟ್ಟರು. “ಐತಿ. ತೋರಸ್ರಿ ಆಕಿಗೆ.”

ಅಷ್ಟು ವರ್ಷ ಬಾಜೂ ಮನೆಯಲ್ಲಿದ್ದರೂ ಕಾಕು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಾಕಾ ಎದ್ದು ಕಲ್ಲುಗಳನ್ನು ಒಂದೊಂದಾಗಿ ಸರಿಸಿ, ತಾಡಪತ್ರಿ ತೆಗೆದು, ತಗಡು ಎತ್ತಿದರು. ಸುಣ್ಣ ಹಕ್ಕಳೆಯೆದ್ದು ಕರಿಮಣ್ಣು ಕಾಣುತ್ತಿತ್ತು. ಮಾಡಿಗೆ ತುಕ್ಕು ಹಿಡಿದಿತ್ತು. ಒಳಗೆ ಬುಖಾರಿಯ ಮುಂದೆ ಹಳದಿ ಉಣ್ಣೆಯವನು ಕೈಚಾಚಿ ಕೂತಿದ್ದ. ಬಾಗಿಲಲ್ಲಿ ಕೆಂಪು ದಾರದವನು, ಬಂದೂಕು ಹಿಡಿದ ಕೈ ಭುಜದಿಂದ ಕಳಚಿ ಜೋತಾಡುತ್ತಿತ್ತು.

ಆಕೆ ನೋಡಿದರು. ಅಳಲಿಲ್ಲ.

“ಹೊರಗ ಬಂದ ನಿಂತಾನ” ಎಂದರು. “ಅಂವಂದ ಹಂಗರಿ. ಸಣ್ಣಂವ ಇದ್ದಾಗಿಂದ ಮನ್ಯಾಗ ಕುಂತಾಂವಲ್ಲ.”

ಅಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆಕೆ ತಾವಾಗಿಯೇ ಒಂದು ದಾರಿ ತೆರೆದುಕೊಟ್ಟಿದ್ದರು. ಕಾಕಾ ಅದನ್ನು ಹಿಡಿಯಲಿಲ್ಲ. ನಾನು ಅವರನ್ನು ಗೌರವಿಸುವುದು ಆ ಒಂದು ಗಳಿಗೆಗಾಗಿ.

“ಅಂವ ಬರಲಿಲ್ಲ ತಂಗೀ. ನಾನ ಹೊರಗ ಹಾಕಿದೆ. ಅವತ್ತ ನಿನ್ನ ಬಸ್ಸ ಹತ್ತಿಸಿ ಬಂದ, ನನ್ನ ಮಗನ್ನ ಒಳಗ ಇಟ್ಟೆ.”

ಮಳೆ ಹನಿಯತೊಡಗಿತ್ತು. ಯಾರೂ ಏಳಲಿಲ್ಲ. ಆಕೆ ಕಾಕಾರ ಮುಖವನ್ನು, ಆಮೇಲೆ ಒಲೆಯ ಮುಂದಿನ ಹಳದಿ ಗೊಂಬೆಯನ್ನು ನೋಡಿದರು. ಬಯ್ಯುತ್ತಾರೆ, ಶಾಪ ಹಾಕುತ್ತಾರೆ ಎಂದುಕೊಂಡೆ. ಕಾಕಾ ಅದಕ್ಕಾಗಿಯೇ ತಲೆ ಬಗ್ಗಿಸಿ ಕಾದಿದ್ದರು.

“ಒಳಗ ಇದ್ದಂವ ನಿಮ್ಮ ಮಗಾ ಅಂತ ಅವತ್ತ ನನಗ ಗೊತ್ತಾಗಿತ್ರಿ ಅಣ್ಣಾರ” ಎಂದರು ಆಕೆ. “ನಮ್ಮಾಂವ ಒಳಗ ಹೋದ್ರ ಅಂವ ಹೊರಗ ಬರ್ತಾನ ಅನ್ನೂದೂ ಗೊತ್ತಿತ್ತು. ಗೊತ್ತಿದ್ದ ಹೇಳಿದ್ದೆ.”

ಸೆರಗು ತಲೆಯ ಮೇಲೆ ಎಳೆದುಕೊಂಡು ಬಸ್ಸಿನ ಹೊತ್ತಾಯಿತೆಂದು ಎದ್ದರು. ನಿಮ್ಮ ಮಗನ ಫೋನು ಬಂತೇ ಎಂದು ಕೇಳಿದರು. ಇಲ್ಲ ಎಂದರು ಕಾಕು. ಬರ್ತೈತಿ ಬಿಡ್ರಿ ಎಂದು ಹೇಳಿ, ಮಳೆಯಲ್ಲೇ ನಡೆದುಹೋದರು.

ಮಗ ಆ ಚಳಿಗಾಲದಲ್ಲಿ ಬಂದ. ಕೈಕಾಲು ನೆಟ್ಟಗಿದ್ದವು, ತುಸು ಇಳಿದಿದ್ದ, ಅಷ್ಟೇ. ಓಣಿಗೆ ಓಣಿಯೇ ನೆರೆದಿತ್ತು. ಕಾಕು ಕೆಂಪು ನೀರು ನಿವಾಳಿಸಿ ಅವನ ಹಣೆಗೆ ಕುಂಕುಮ ಹಚ್ಚಿದರು. ಅಪ್ಪ ಕರೆಯಲಿ ಎಂದು ಅವನು ಹೊಸ್ತಿಲ ಹೊರಗೆ, ಬೆನ್ನ ಮೇಲಿನ ಗಂಟನ್ನೂ ಇಳಿಸದೆ, ನಗುತ್ತಾ ನಿಂತಿದ್ದ. ಕಾಕಾ ಎದುರಿಗೇ ಇದ್ದರು. ಅವರ ಬಾಯಲ್ಲಿ ಮೊಳೆಗಳಿರಲಿಲ್ಲ. ತುಟಿ ಎರಡು ಸಲ ಆಡಿದ್ದನ್ನು ನಾನು ನೋಡಿದೆ. ‘ಒಳಗ ಬಾ’ ಎನ್ನಲು ಅವರಿಂದ ಆಗಲಿಲ್ಲ.